ನುಡಿಯಲ್ಲಿ ಟೈಪಾದ ಪುಸ್ತಕ ಇ-ಬುಕ್ ಆಗುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರ ಕವನ, ಪ್ರಬಂಧಗಳ ಪುಸ್ತಕ 2008ರಲ್ಲಿ ಅಚ್ಚಾಗಿತ್ತು. ಈಗ ಪ್ರತಿಗಳಿಲ್ಲ. ಡಿಟಿಪಿ ಮಾಡಿದವರಿಂದ ವರ್ಡ್ ಫೈಲುಗಳು ಸಿಕ್ಕಿವೆ. ಇ-ಬುಕ್ ತಯಾರಿಸುವ ಸಿಜಿಲ್ ಎಡಿಟರಿಗೆ, ವರ್ಡ್ ಫೈಲನ್ನು ಒಳತರುವ ‘ಡಾಕ್ಸ್‌ಇಂಪೋರ್ಟ್’ ಪ್ಲಗಿನ್ (ಹೆಚ್ಚುವರಿ ಸಲಕರಣೆ) ಹಾಕಿದರೆ ಇ-ಪಬ್ (ಇ-ಬುಕ್ಕಿನ ಫೈಲು) ಆಗುತ್ತದೆ ಎಂದು ಮಗ ಹೇಳಿದ. ಮಾಡಿದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳು! ಪ್ಲಗಿನ್ ಕೆಟ್ಟಿದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಪ್ಲಗಿನ್ ಸರಿಯಾಗಿಯೇ ಇದೆ ಮೇಡಂ. ನಿಮ್ಮ ಫೈಲು ಹಳೆಯ ನುಡಿ ಫಾಂಟಿನಲ್ಲಿರಬೇಕು. ಆ ಕಾಲದ ನುಡಿ, ಬರಹ ಫೈಲುಗಳ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ. ಅವಕ್ಕೆ ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟು. ಪ್ಲಗಿನ್ ಫಾಂಟನ್ನು ಬಿಟ್ಟು ಪಠ್ಯವನ್ನಷ್ಟೇ ಎತ್ತಿಕೊಳ್ಳುತ್ತದೆ.

ಆದ್ದರಿಂದ ಮೊದಲು ನುಡಿ ಪಠ್ಯವನ್ನು ಬದಲಿಸುವ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯೂನಿಕೋಡ್ (ಕನ್ನಡ ಅಕ್ಷರಗಳನ್ನು ಕನ್ನಡವಾಗಿಯೇ ಉಳಿಸುವ ಸಂಕೇತ ವ್ಯವಸ್ಥೆ) ಮಾಡಿಸಿ. ಮೂಲದಲ್ಲಿ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಅರ್ಥವಿಲ್ಲದ ಕನ್ನಡವಾಗಿಸುತ್ತದೆ, ಮೊದಲೇ ಗುರುತು ಹಾಕಿಕೊಳ್ಳಿ. ಆಮೇಲೆ ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನು ಹೇಗಾದರೂ ಹುಡುಕಿ ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಓದಿ. ಅರ್ಕಾವೊತ್ತು, ಒತ್ತಕ್ಷರಗಳ ಮೇಲೆ ವಿಶೇಷ ಕಣ್ಣಿರಲಿ. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಇದೆ. ಅದು ಹೋದರೆ ‘ರಾಜ್ಕುಮಾರ್’ ಎಂದಾಗುತ್ತದೆ. ಅನಗತ್ಯ ಚಿಹ್ನೆಗಳನ್ನೆಲ್ಲ ಒಂದೇ ಸಲ ಅಳಿಸುವ ‘ಕ್ಲೀನಪ್’ ಮಾಡಬೇಡಿ.

ನಂತರದ್ದು ವರ್ಡ್‌ನಲ್ಲಿರುವ ‘ಸ್ಟೈಲ್’. ಶೀರ್ಷಿಕೆಯನ್ನು ಬೋಲ್ಡ್ ಮಾಡಿ ದೊಡ್ಡದಾಗಿಸಿದರೆ ಪ್ಲಗಿನ್ನಿಗೆ ಅದು ಇನ್ನೊಂದು ಪ್ಯಾರಾ ಅಷ್ಟೇ. ಪ್ರತಿ ಕವನದ, ಪ್ರಬಂಧದ ಹೆಸರಿಗೂ ‘ಹೆಡಿಂಗ್ 1’ ಕೊಡಿ. ಸಿಜಿಲ್ ಪರಿವಿಡಿ ಕಟ್ಟುವುದು ಅದರಿಂದಲೇ. ಸಾಲನ್ನು ಮಧ್ಯಕ್ಕೆ ತಂದದ್ದು, ಬಣ್ಣ, ಅಕ್ಷರದ ಗಾತ್ರ ಯಾವುದೂ ಬರುವುದಿಲ್ಲ. ಬರದಿರುವುದೇ ಒಳ್ಳೆಯದು, ಮೊಬೈಲಿನಲ್ಲಿ ಓದುವವರು ಗಾತ್ರವನ್ನು ತಾವೇ ಹೊಂದಿಸಿಕೊಳ್ಳುತ್ತಾರೆ.

ನನಗೆ ನಿಜವಾದ ಚಿಂತೆ ಕವನಗಳದ್ದು. ಪದ್ಯಗಳ ನಡುವೆ ಎಂಟರ್ ಒತ್ತಿ ಬಿಟ್ಟ ಖಾಲಿ ಸಾಲನ್ನು ‘ಡಾಕ್ಸ್‌ಇಂಪೋರ್ಟ್’ ಪ್ಲಗಿನ್ ನುಂಗಿಬಿಡುತ್ತದೆ. ನಾಲ್ಕು ನಾಲ್ಕು ಸಾಲಿನ ಪದ್ಯ ಒಂದೇ ಉದ್ದನೆಯ ಪಟ್ಟಿಯಾಗುತ್ತದೆ, ಕವಿ ಬಿಟ್ಟ ಉಸಿರು ತಪ್ಪಿಹೋಗುತ್ತದೆ. ಹಾಗಾಗಿ ಪದ್ಯದೊಳಗಿನ ಪ್ರತಿ ಸಾಲಿನ ಕೊನೆಗೆ ಶಿಫ್ಟ್-ಎಂಟರ್, ಪದ್ಯ ಮುಗಿದಲ್ಲಿ ಮಾತ್ರ ಎಂಟರ್. ಆಗ ಒಂದು ಪದ್ಯ ಒಂದು ಪ್ಯಾರಾ ಆಗುತ್ತದೆ. ಇಂಥ ಪ್ಯಾರಾಗಳಿಗೆಲ್ಲ ‘ಕವನ’ ಎಂಬ ಸ್ಟೈಲ್ ಕೊಟ್ಟು, ಯಾವ ಸ್ಟೈಲ್ ಇ-ಬುಕ್ಕಿನಲ್ಲಿ ಏನಾಗಬೇಕು ಎಂದು ಪ್ಲಗಿನ್ನಿಗೆ ತಿಳಿಸುವ ಸ್ಟೈಲ್ ಮ್ಯಾಪ್ ಫೈಲಿನಲ್ಲಿ ಆ ಹೆಸರನ್ನು ಬರೆದರೆ, ಅಂತರವನ್ನು ಸಿಎಸ್‌ಎಸ್‌ನಲ್ಲಿ (ಇ-ಬುಕ್ಕಿನ ನೋಟವನ್ನು ನಿರ್ಧರಿಸುವ ಫೈಲು) ಒಂದೇ ಕಡೆ ಹೊಂದಿಸಬಹುದು.

ವರ್ಡ್ ಫೈಲನ್ನು ‘ಡಾಕ್ಸ್’ (.docx) ರೂಪದಲ್ಲೇ ಉಳಿಸಿ, ಹಳೆಯ ‘ಡಾಕ್’ (.doc) ನಡೆಯುವುದಿಲ್ಲ. ಕೊನೆಗೆ ಭಾಷೆ ಕನ್ನಡ ಎಂದು ಮೆಟಾಡೇಟಾದಲ್ಲಿ (ಪುಸ್ತಕದ ವಿವರಗಳ ಪಟ್ಟಿ) ನಮೂದಿಸಿ. ಅವಸರ ಬೇಡ ಮೇಡಂ. ಪ್ಲಗಿನ್ನಿನ ಕೆಲಸ ಕ್ಷಣದ್ದು, ಕರಡು ತಿದ್ದುವುದು ವಾರಗಳದ್ದು. ತಂದೆಯವರ ಪುಸ್ತಕಕ್ಕೆ ಅಷ್ಟು ಸಲ್ಲಬೇಕು.

ಪ್ರಶ್ನೆ: ನನ್ನ ಇ-ಬುಕ್ಕಿನಲ್ಲಿ ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಕೆಲವರ ಸಾಧನದಲ್ಲಿ ಅಕ್ಷರವೇ ಇಲ್ಲ, ಬರೀ ಚೌಕಗಳು.
– ಓದುಗರೊಬ್ಬರು, ಧಾರವಾಡ

ಉತ್ತರ: ಸಿಎಸ್‌ಎಸ್‌ನಲ್ಲಿ ಲೈನ್-ಹೈಟ್ (ಸಾಲಿನ ಎತ್ತರ) 1.6 ಇಡಿ. ಒತ್ತಿನ ಕೆಳಗೆ ಒತ್ತು ಬರುವ ಲಿಪಿಗೆ ಅಷ್ಟು ಜಾಗ ಬೇಕು. ಚೌಕ ಕಾಣುವುದು ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲದ್ದರಿಂದ. ನೋಟೋ ಸೆರಿಫ್ ಕನ್ನಡ ಮುಕ್ತ ಪರವಾನಗಿಯ ಫಾಂಟು. ಸಿಜಿಲ್‌ನ ಫಾಂಟ್ಸ್ ಫೋಲ್ಡರಿಗೆ ಸೇರಿಸಿ, ಸಿಎಸ್‌ಎಸ್‌ನಲ್ಲೂ ಹೆಸರಿಸಿ.