ಮೋಬ್ಲಿ ಬಗ್ಗೆ ಬರೆದಿರಿ, ಮೋಬ್ಲಿ ಕೇಳಿಸಲಿಲ್ಲ

ನಮಸ್ಕಾರ.

ಹ್ಯಾಂಕ್ ಮೋಬ್ಲಿಯವರ 'ಸೋಲ್ ಸ್ಟೇಷನ್' ಧ್ವನಿಮುದ್ರಿಕೆಯ ಬಗ್ಗೆ ನೀವು ಕಳಿಸಿದ 'ಮರೆತುಹೋದ ಮಾಂತ್ರಿಕ' ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ. ಧ್ವನಿಮುದ್ರಣವಾದ ದಿನ 1960ರ ಫೆಬ್ರವರಿ 7, ಪಿಯಾನೊ ವಿಂಟನ್ ಕೆಲ್ಲಿ, ಬಾಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಆರ್ಟ್ ಬ್ಲೇಕಿ: ಎಲ್ಲ ಸರಿಯಾಗಿದೆ. ಹಾರ್ಡ್ ಬಾಪ್ ಎಂಬ ಜಾಜ್ ಶೈಲಿಯ ಕಾಲದ ಒಬ್ಬ ಟೆನರ್ ಸ್ಯಾಕ್ಸೊಫೋನ್ ವಾದಕರ ಬಗ್ಗೆ ಕನ್ನಡದಲ್ಲಿ ಹನ್ನೆರಡು ಪುಟ ಬರೆಯಲು ಕೂತವರು ಹೆಚ್ಚಿಲ್ಲ, ಅದಕ್ಕೆ ಅಭಿನಂದನೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಎರಡು ಕಡೆ ನನಗೆ ನಿಜವಾಗಿ ಸಿಟ್ಟು ಬಂತು. ಆ ಎರಡನ್ನೇ ಹಿಡಿದು ಬರೆಯುತ್ತೇನೆ. ಉಳಿದದ್ದು ಸಣ್ಣಪುಟ್ಟ ತಿದ್ದುಪಡಿಯಲ್ಲಿ ಸರಿಹೋಗುತ್ತದೆ.

ಮೊದಲನೆಯದು ನಿಮ್ಮ ಎರಡನೇ ಪ್ಯಾರಾ. ಹೀಗಿದೆ: "ಮೋಬ್ಲಿಯ ನಾದ ಮಧುರ, ಮಾಂತ್ರಿಕ, ಎದೆಯಾಳಕ್ಕೆ ಇಳಿಯುವಂಥದ್ದು. ಪ್ರತಿಯೊಂದು ಸ್ವರದಲ್ಲೂ ಆತ್ಮವಿದೆ. ಗಮಕಗಳಿಂದ ತುಂಬಿದ ಅವರ ಆಲಾಪನೆ ನಮ್ಮ ಕದ್ರಿ ಗೋಪಾಲನಾಥರನ್ನು ನೆನಪಿಸುತ್ತದೆ." ಮೂರು ವಾಕ್ಯ. ಒಂದೊಂದಾಗಿ ನೋಡೋಣ.

ಮೊದಲ ವಾಕ್ಯದಲ್ಲಿ ಮೋಬ್ಲಿ ಎಂಬ ಹೆಸರು ತೆಗೆದು ಇನ್ನೊಬ್ಬ ಟೆನರ್ ವಾದಕ ಲೆಸ್ಟರ್ ಯಂಗ್ ಎಂದು ಹಾಕಿ ನೋಡಿ. ಸ್ಟ್ಯಾನ್ ಗೆಟ್ಸ್ ಎಂದು ಹಾಕಿ ನೋಡಿ. ವಾಕ್ಯಕ್ಕೆ ಏನೂ ಆಗುವುದಿಲ್ಲ. ಯಾರಿಗೆ ತೊಡಿಸಿದರೂ ಹೊಂದುವ ಅಂಗಿ ಯಾರ ಅಳತೆಗೂ ಹೊಲಿದದ್ದಲ್ಲ. ಮೋಬ್ಲಿಯ ನಾದವನ್ನು ಹೇಳಬೇಕಾದರೆ ಸ್ವರ ಹೇಗೆ ಶುರುವಾಗುತ್ತದೆ ಎಂಬಲ್ಲಿಂದ ಹಿಡಿಯಿರಿ. ಸ್ಯಾಕ್ಸೊಫೋನಿನ ಸ್ವರ ಹುಟ್ಟುವುದು ಜೊಂಡಿನ ತೆಳು ರೀಡ್ ಅದುರಿದಾಗ. ವಾದಕ ನಾಲಿಗೆಯಿಂದ ರೀಡನ್ನು ತಡೆದು ಬಿಟ್ಟರೆ ಸ್ವರಕ್ಕೆ ಒಂದು ಅಂಚು ಬರುತ್ತದೆ, 'ತ' ಎಂದ ಹಾಗೆ. ಮೋಬ್ಲಿಯಲ್ಲಿ ಆ ಅಂಚು ಬಹಳ ಮೃದು, 'ದ'ಕಾರಕ್ಕೂ ಬರಿಯ ಉಸಿರಿಗೂ ನಡುವಿನದು. ಉದ್ದ ಸ್ವರದಲ್ಲಿ ಕಂಪನ ತೀರ ಕಡಿಮೆ, ಬಂದರೂ ಸ್ವರದ ಬಾಲದಲ್ಲಿ ಬರುತ್ತದೆ. ತಮ್ಮದು ದೊಡ್ಡದೂ ಅಲ್ಲದ, ಸಣ್ಣದೂ ಅಲ್ಲದ ದುಂಡು ನಾದ ಎಂದು ಅವರೇ ಹೇಳಿಕೊಂಡಿದ್ದರು. ನಿಮ್ಮ ಮೂರು ವಿಶೇಷಣಗಳಿಗಿಂತ ಆ 'ದುಂಡು' ಎಂಬ ಒಂದು ಮಾತು ಓದುಗನಿಗೆ ಹೆಚ್ಚು ಕೇಳಿಸುತ್ತದೆ.

ಇದು ಕಿವಿಗೆ ದಕ್ಕಲು ಹೋಲಿಕೆ ಬೇಕು, ಮುದ್ರಿಕೆಗಳು ಇವೆ. 1956ರ ಸೆಪ್ಟೆಂಬರ್ 7ರಂದು ಮುದ್ರಿಸಿದ 'ಟೆನರ್ ಕಾನ್‌ಕ್ಲೇವ್' ತೆಗೆದುಕೊಳ್ಳಿ. ಮೋಬ್ಲಿ, ಜಾನ್ ಕೋಲ್ಟ್ರೇನ್, ಆಲ್ ಕೋನ್, ಜೂಟ್ ಸಿಮ್ಸ್, ನಾಲ್ಕೂ ಜನ ಟೆನರ್. ಒಂದೇ ವಾದ್ಯ, ಒಂದೇ ದಿನ, ಒಂದೇ ಹಿಮ್ಮೇಳ. ಆಮೇಲೆ 1957ರ ಏಪ್ರಿಲ್‌ನಲ್ಲಿ ಜಾನಿ ಗ್ರಿಫಿನ್ ಹೆಸರಿನಲ್ಲಿ ಬಂದ 'ಎ ಬ್ಲೋಯಿಂಗ್ ಸೆಷನ್'. ಅಲ್ಲಿ ಗ್ರಿಫಿನ್, ಕೋಲ್ಟ್ರೇನ್, ಮೋಬ್ಲಿ ಮೂವರೂ ಉಸಿರು ಕಟ್ಟುವ ವೇಗದಲ್ಲಿ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಯಾರು ಮೊದಲು, ಯಾರು ಆಮೇಲೆ ಎಂದು ಎಲ್ಲೂ ಓದದೆ ಕೇಳಿ. ಎಲ್ಲಿ ಕೈ ಬದಲಾಯಿತು ಎಂಬ ಸೆಕೆಂಡನ್ನು ಬರೆದುಕೊಳ್ಳಿ. ಯಾವ ಗುಣದಿಂದ ಗುರುತು ಹಿಡಿದಿರೋ ಆ ಗುಣದ ಹೆಸರನ್ನೇ ಲೇಖನದಲ್ಲಿ ಇಡಿ.

ಎರಡನೇ ವಾಕ್ಯ: "ಪ್ರತಿಯೊಂದು ಸ್ವರದಲ್ಲೂ ಆತ್ಮವಿದೆ." ಇದು ತಪ್ಪು ಮಾಹಿತಿ. ಮೋಬ್ಲಿ ಪ್ರತಿಯೊಂದು ಸ್ವರಕ್ಕೂ ಒಂದೇ ತೂಕ ಕೊಡುವವರೇ ಅಲ್ಲ. ಸಾಲಾಗಿ ಎಂಟು ಸ್ವರ ಊದಿದರೆ ಕೆಲವನ್ನು ಅರ್ಧ ನುಂಗುತ್ತಾರೆ. ಬೆರಳು ಒತ್ತಿರುತ್ತದೆ, ಉಸಿರು ಪೂರ್ತಿ ಹೋಗಿರುವುದಿಲ್ಲ. ಒತ್ತು ಬೀಳುವುದು ಮಾತ್ರೆಯ ಮೇಲಲ್ಲ, ಮಾತ್ರೆ ಮಾತ್ರೆಗಳ ಸಂದಿಯಲ್ಲಿ. ನಾವು ಮಾತಾಡುವಾಗ 'ಮಾಡುತ್ತೇನೆ' ಎಂಬುದು 'ಮಾಡ್ತೀನಿ' ಆಗುವಂತೆ ಅವರ ಸಾಲು ನಡುವೆ ಸವೆದು, ಬೇಕಾದ ಕಡೆ ಎದ್ದು ನಿಲ್ಲುತ್ತದೆ. ನುಂಗಿದ ಸ್ವರಗಳನ್ನು ಕೇಳದವರಿಗೆ ಒತ್ತು ಬಿದ್ದ ಸ್ವರಗಳೂ ಕೇಳಿಸಿರುವುದಿಲ್ಲ.

ಮೂರನೇ ವಾಕ್ಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಕನ್ನಡ ಓದುಗರಿಗೆ ಸ್ಯಾಕ್ಸೊಫೋನ್ ಎಂದರೆ ಕದ್ರಿ ಗೋಪಾಲನಾಥರು ಎಂಬುದು ನಿಜ. 1980ರಲ್ಲಿ ಬೊಂಬಾಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿಯವರ ಜೊತೆ ಅವರು ವೇದಿಕೆ ಹತ್ತಿದ್ದೂ ನಿಜ. ಅಲ್ಲಿಗೆ ಹೋಲಿಕೆ ನಿಲ್ಲಬೇಕು. ಕದ್ರಿಯವರ ವಾದ್ಯ ಆಲ್ಟೊ, ಮೋಬ್ಲಿಯದು ಟೆನರ್. ಆಲ್ಟೊ ನಿಲ್ಲುವುದೇ ಟೆನರಿಗಿಂತ ಒಂದು ಶುದ್ಧ ಮಧ್ಯಮದಷ್ಟು ಮೇಲೆ. ಅದಕ್ಕಿಂತ ದೊಡ್ಡ ಮಾತು ಗಮಕದ್ದು. ಕದ್ರಿಯವರು ಅಷ್ಟು ವರ್ಷ ಸಾಧಿಸಿದ್ದು ಕೀಲಿಗಳಿರುವ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಕಡಿಯದೆ ಸಾಗುವ ಗಮಕವನ್ನು. ನಮ್ಮಲ್ಲಿ ಗಮಕ ಅಲಂಕಾರವಲ್ಲ, ಅದಿಲ್ಲದೆ ರಾಗವೇ ಇಲ್ಲ. ಮೋಬ್ಲಿ ಮಾಡುವುದು ಸ್ವರವನ್ನು ಕೆಳಗಿನಿಂದ ಸ್ವಲ್ಪ ಎತ್ತಿ ತಂದು ಕೂರಿಸುವುದು: ದವಡೆ ತುಸು ಸಡಿಲಿಸಿದರೆ ಶ್ರುತಿ ಇಳಿಯುತ್ತದೆ, ಬಿಗಿ ಮಾಡಿದರೆ ಜಾಗಕ್ಕೆ ಬರುತ್ತದೆ. ಎರಡನ್ನೂ ಗಮಕ ಎಂದು ಕರೆದರೆ ಇಬ್ಬರಿಗೂ ಅನ್ಯಾಯ.

'ಆಲಾಪನೆ' ಎಂಬ ಮಾತಂತೂ ಓದುಗನನ್ನು ಪೂರ್ತಿ ದಾರಿ ತಪ್ಪಿಸುತ್ತದೆ. ಆಲಾಪನೆಗೆ ತಾಳದ ಕಟ್ಟಿಲ್ಲ, ಕೆಳಗೆ ತಂಬೂರಿಯ ಷಡ್ಜ ಕದಲುವುದಿಲ್ಲ. ಮೋಬ್ಲಿಯ ಕೆಳಗೆ ನೆಲವೇ ಕದಲುತ್ತಿರುತ್ತದೆ. ಅದೇ ಮುದ್ರಿಕೆಯ 'ಡಿಗ್ ಡಿಸ್' ಕೇಳಿ. ಅದು ಬ್ಲೂಸ್ ಎಂಬ ಕಟ್ಟಿನ ಹಾಡು; ಒಂದು ಸುತ್ತಿಗೆ 12 ಬಾರ್ (ತಾಳದ ಖಂಡ), ಬಾರಿಗೆ 4 ಮಾತ್ರೆ, ಒಟ್ಟು 48. ಬ್ಲೂಸಿನ ಸಾಮಾನ್ಯ ಕಟ್ಟಿನಲ್ಲಿ ಮೊದಲ ನಾಲ್ಕು ಬಾರ್ ನೆಲೆ ಷಡ್ಜ. ಐದು, ಆರನೇ ಬಾರಿನಲ್ಲಿ ಪಿಯಾನೊ, ಬಾಸ್ ಎರಡೂ ಮಧ್ಯಮಕ್ಕೆ ಸರಿಯುತ್ತವೆ. ಏಳು, ಎಂಟು ಮತ್ತೆ ಷಡ್ಜ. ಒಂಬತ್ತರ ಹೊತ್ತಿಗೆ ಪಂಚಮದ ಕಡೆ ಎಳೆತ ಶುರುವಾಗಿ ಕೊನೆಯ ಎರಡು ಬಾರಿನಲ್ಲಿ ಮನೆಗೆ ಮರಳುತ್ತದೆ. ಈಗ ಸಾಧಾರಣ ಗಾಂಧಾರ (ಕೆಳಗಿನ 'ಗ') ಒಂದನ್ನೇ ತೆಗೆದುಕೊಳ್ಳಿ. ಮೊದಲ ಬಾರಿನಲ್ಲಿ ಅದನ್ನು ಊದಿದರೆ ಪಿಯಾನೊದ ಅಂತರ ಗಾಂಧಾರಕ್ಕೆ (ಮೇಲಿನ 'ಗ') ಉಜ್ಜುತ್ತದೆ, ಬ್ಲೂಸಿನ ಉರಿ ಇರುವುದೇ ಆ ಉಜ್ಜುವಿಕೆಯಲ್ಲಿ. ಐದನೇ ಬಾರಿನಲ್ಲಿ ಅದೇ ಸ್ವರ ಊದಿದರೆ ಉಜ್ಜುವುದಿಲ್ಲ, ಯಾಕೆಂದರೆ ಮಧ್ಯಮವನ್ನು ಷಡ್ಜ ಮಾಡಿಕೊಂಡರೆ ಅದು ಕೈಶಿಕಿ ನಿಷಾದವಾಗುತ್ತದೆ (ಕೆಳಗಿನ 'ನಿ'), ಆಗ ಪಿಯಾನೊ ಒಟ್ಟಿಗೆ ನುಡಿಸುವ ಸ್ವರಗುಚ್ಛದ, ಅಂದರೆ ಆ ಕಾರ್ಡಿನದೇ ಸ್ವರ. ಬೆರಳು ಅದೇ, ಸ್ವರ ಅದೇ, ಅರ್ಥ ಬೇರೆ. ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಇದನ್ನು ಹೀಗೆ ತೋರಿಸಿಕೊಟ್ಟರೆ ಅದು ತಟ್ಟನೆ ಹಿಡಿಯುತ್ತದೆ. ನಿಮಗೆ ರಾಗಜ್ಞಾನ ಇದೆ ಎಂದು ಲೇಖನವೇ ಹೇಳುತ್ತದೆ. ಆ ಜ್ಞಾನವನ್ನು ಇಲ್ಲಿ ಬಳಸಿ.

ನಮ್ಮ ಇನ್ನೊಂದು ಪದವೂ ಇಲ್ಲಿ ನೇರವಾಗಿ ಹೊಂದುತ್ತದೆ, ಅದನ್ನೇ ನೀವು ಬಿಟ್ಟಿದ್ದೀರಿ: ಆವರ್ತನ. ಜಾಜ್‌ನವರು ಕೋರಸ್ ಎನ್ನುವುದು ಹಾಡಿನ ಕಟ್ಟಿನ ಒಂದು ಪೂರ್ಣ ಸುತ್ತನ್ನು. ಮೋಬ್ಲಿ ಆವರ್ತನದ ಗೆರೆಯನ್ನು ದಾಟಿ ಹೊಲಿಯುವವರು, ಒಂದು ಸುತ್ತಿನ ಕೊನೆಯಲ್ಲಿ ಶುರುವಾದ ಮಾತು ಮುಂದಿನ ಸುತ್ತಿನೊಳಗೆ ಹೋಗಿ ಮುಗಿಯುತ್ತದೆ. ಗೆರೆ ಎಲ್ಲಿದೆ ಎಂದು ತೋರಿಸುವವರು ಬ್ಲೇಕಿ, ತಾವು ಹೆಸರಾದ ಆ 'ಪ್ರೆಸ್ ರೋಲ್'ನಿಂದ, ಅಂದರೆ ಕೋಲುಗಳನ್ನು ಡ್ರಮ್ಮಿಗೆ ಒತ್ತಿ ಹುಟ್ಟಿಸುವ ಉರುಳು ಸದ್ದಿನಿಂದ. ಮೃದಂಗದವರು ತೀರ್ಮಾನ ಹಾಕುವ ಜಾಗ ಬಲ್ಲ ಓದುಗರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ತಾಳದ ಮಾತು ಬಂದದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. "ಮೊದಲ ಹಾಡು 'ರಿಮೆಂಬರ್' ಒಂದು ಸುಂದರ ಪ್ರೇಮಗೀತೆ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಮೆರಿಕದ ಹಾಡು ರಚನಕಾರ ಇರ್ವಿಂಗ್ ಬರ್ಲಿನ್ ಅದನ್ನು 1925ರಲ್ಲಿ ಬರೆದದ್ದು ವಾಲ್ಟ್ಸ್ ಆಗಿ, ಮೂರರ ಎಣಿಕೆಯಲ್ಲಿ. ಮೋಬ್ಲಿ ಊದುವುದು ನಾಲ್ಕರಲ್ಲಿ. ಆದರೂ ಮೂರು ಎಲ್ಲಿಗೂ ಹೋಗಿಲ್ಲ: ಜಾಜ್‌ನವರ ಸ್ವಿಂಗ್ ಎಂದರೆ ಪ್ರತಿ ಮಾತ್ರೆಯ ಒಳಗೆ ಸುಮಾರಾಗಿ ತಿಶ್ರ ನಡೆ ಇರುವುದು. ಬಾರಿನಲ್ಲಿದ್ದ 'ಮೂರು' ಈಗ ಮಾತ್ರೆಯ ಒಳಗೆ ಬಂದು ಕೂತಿದೆ. ಮೊದಲು ಹಳೆಯ ಗಾಯಕರು ಹಾಡಿದ ವಾಲ್ಟ್ಸ್ ಕೇಳಿ, ಆಮೇಲೆ ಇದನ್ನು ಕೇಳಿ. ಸ್ವರ ಸಾಲು ಎಲ್ಲಿ ಹಿಗ್ಗಿತು, ಎಲ್ಲಿ ಕುಗ್ಗಿತು ಎಂದು ಬರೆದರೆ ಅದೇ ಒಂದು ಪುಟವಾಗುತ್ತದೆ.

ಎರಡನೇ ಸಿಟ್ಟು ಏಳನೇ ಪುಟದ್ದು. "ವಿಮರ್ಶಕ ಲಿಯೊನಾರ್ಡ್ ಫೆದರ್ ಅವರೇ ಮೋಬ್ಲಿಯನ್ನು ಟೆನರಿನ ಎರಡನೇ ದರ್ಜೆಯ ಚಾಂಪಿಯನ್ ಎಂದು ಕರೆದರು" ಎಂದು ಬರೆದಿದ್ದೀರಿ. ಫೆದರ್ ಹೇಳಿದ್ದು ಮಿಡಲ್‌ವೇಟ್ ಚಾಂಪಿಯನ್. ಅದು ಬಾಕ್ಸಿಂಗ್ ಮಾತು. ಮಿಡಲ್‌ವೇಟ್ ಎಂದರೆ ಆಟಗಾರನ ತೂಕದ ವರ್ಗ, 160 ಪೌಂಡ್ ಮಿತಿ. ಯೋಗ್ಯತೆಯ ದರ್ಜೆಗೂ ಅದಕ್ಕೂ ಸಂಬಂಧ ಇಲ್ಲ. ಆ ಮಾತು ಬಂದ ಕಾಲದಲ್ಲಿ ಮಿಡಲ್‌ವೇಟ್ ಎಂದರೆ ಅಮೆರಿಕದವರ ಕಣ್ಣಿಗೆ ಬರುತ್ತಿದ್ದದ್ದು ಶುಗರ್ ರೇ ರಾಬಿನ್ಸನ್, 1950ರ ದಶಕದಲ್ಲಿ ಐದು ಸಲ ಆ ಪಟ್ಟ ಗೆದ್ದವರು, ಬಾಕ್ಸಿಂಗ್ ಕಂಡ ಅತ್ಯುತ್ತಮರು ಎಂದು ಇಂದಿಗೂ ಅನೇಕರು ಹೇಳುವವರು. ಫೆದರ್ ತೂಗುತ್ತಿದ್ದದ್ದು ನಾದವನ್ನು: ಒಂದು ಕಡೆ ಕೋಲ್ಟ್ರೇನ್‌ರ ಬಿರುಸು, ಇನ್ನೊಂದು ಕಡೆ ಲೆಸ್ಟರ್ ಯಂಗ್‌ರ ಹಗುರ, ನಡುವೆ ಮೋಬ್ಲಿ. ನೀವು 'ಮಧ್ಯಮ'ವನ್ನು 'ಎರಡನೇ ದರ್ಜೆ' ಮಾಡಿದ್ದರಿಂದ ಮುಂದಿನ ಐದು ಪುಟ ಪೂರ್ತಿ ಕನಿಕರದ ಕಥೆಯಾಯಿತು.

ಆ ಕನಿಕರದ ನಡುವೆ ಈ ವಾಕ್ಯ ಇದೆ: "ಮೈಲ್ಸ್ ಡೇವಿಸ್ ತಂಡದಲ್ಲಿ ಕೋಲ್ಟ್ರೇನ್ ಎದುರು ಮೋಬ್ಲಿ ಮಂಕಾಗಿ, ಕುಗ್ಗಿಹೋದರು." ನೀವು ಹೇಳುತ್ತಿರುವುದು ಟ್ರಂಪೆಟ್ ವಾದಕ ಡೇವಿಸ್‌ರ 'ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್' ಹಾಡಿನ ಬಗ್ಗೆ. ಮುದ್ರಣ 1961ರ ಮಾರ್ಚ್ 20. ಅದರಲ್ಲಿ ಮೋಬ್ಲಿ ಮೊದಲು ಊದುತ್ತಾರೆ, ಅತಿಥಿಯಾಗಿ ಬಂದ ಕೋಲ್ಟ್ರೇನ್ ಕೊನೆಯ ಕಡೆ. ಕೋಲ್ಟ್ರೇನ್ ಬಂದೊಡನೆ ಹಾಡಿನ ಮೈ ಬದಲಾಗುತ್ತದೆ, ಒಪ್ಪುತ್ತೇನೆ. ಆದರೆ ಕುಗ್ಗಿಹೋದ ಮನುಷ್ಯ ಆರೇ ದಿನಕ್ಕೆ, ಮಾರ್ಚ್ 26ರಂದು, 'ವರ್ಕ್‌ಔಟ್' ಮುದ್ರಿಸಿದರು. ಗ್ರಾಂಟ್ ಗ್ರೀನ್ ಗಿಟಾರ್, ಫಿಲ್ಲಿ ಜೋ ಜೋನ್ಸ್ ಡ್ರಮ್ಸ್, ಜೊತೆಗೆ ಮತ್ತೆ ಕೆಲ್ಲಿ, ಚೇಂಬರ್ಸ್. ಅದನ್ನು ಹಾಕಿ ಕೇಳಿ, ಎಲ್ಲಿ ಕುಗ್ಗಿದ್ದಾರೆ ತೋರಿಸಿ. ತೋರಿಸಲಾಗದಿದ್ದರೆ ವಾಕ್ಯ ತೆಗೆಯಿರಿ. ಮೋಬ್ಲಿ ಮಾದಕ ವಸ್ತುವಿನಿಂದ ಜೈಲಿಗೆ ಹೋದದ್ದು, 1986ರಲ್ಲಿ 55ನೇ ವಯಸ್ಸಿಗೆ ತೀರಿಕೊಂಡದ್ದು ಎಲ್ಲವೂ ನಿಜ, ನೋವಿನ ಸಂಗತಿ. ಆದರೆ 1960ರ ಫೆಬ್ರವರಿಯಲ್ಲಿ ಮುದ್ರಣ ಕೋಣೆಯಲ್ಲಿ ನಿಂತವರು 29ರ ಹರೆಯದವರು, ಅವರ ಕೈ ಪೂರ್ತಿ ಪಳಗಿತ್ತು. ನೀವು ಮುಂದೆ ಬರಲಿದ್ದ ಸಾವನ್ನು ಅವರ ಉಸಿರಿನೊಳಗೆ ತುರುಕುತ್ತಿದ್ದೀರಿ. ಅನ್ಯಾಯದ ಬಗ್ಗೆ ಬರೆಯಲೇಬೇಕೆಂದರೆ ಗಟ್ಟಿ ಸಂಗತಿ ಬೇರೆ ಇದೆ: 1961ರ ಡಿಸೆಂಬರ್‌ನಲ್ಲಿ ಮುದ್ರಿಸಿದ 'ಅನದರ್ ವರ್ಕ್‌ಔಟ್' ಬ್ಲೂ ನೋಟ್ ಕಂಪನಿಯ ಕಪಾಟಿನಲ್ಲಿ ಉಳಿದು 1985ರಲ್ಲಿ ಹೊರಬಂತು. 1966ರ 'ಎ ಸ್ಲೈಸ್ ಆಫ್ ದ ಟಾಪ್' ಬಂದದ್ದು 1979ಕ್ಕೆ.

ಇಷ್ಟು ಸಿಟ್ಟಿನ ನಡುವೆಯೂ ನಾನು ನಿಮ್ಮ ಪ್ರತಿಯನ್ನು ಹಾಗೇ ಹಿಂದಕ್ಕೆ ಕಳಿಸದಿರಲು ಕಾರಣ ಒಂಬತ್ತನೇ ಪುಟದ ಒಂದು ವಾಕ್ಯ: "'ದಿಸ್ ಐ ಡಿಗ್ ಆಫ್ ಯೂ'ನಲ್ಲಿ ಕೆಲ್ಲಿಯ ಪಿಯಾನೊ ಮುಗಿದು ಮೋಬ್ಲಿ ಬಂದಾಗ ವೇಗ ಬದಲಾಗಿಲ್ಲ, ಆದರೂ ಯಾರೋ ನಡಿಗೆ ನಿಧಾನ ಮಾಡಿದಂತೆ ಕೇಳುತ್ತದೆ." ಇದನ್ನು ನೀವು ಕೇಳಿ ಬರೆದಿದ್ದೀರಿ. ಅದಕ್ಕೆ ಕಾರಣವನ್ನು ಮಾತ್ರ ಹುಡುಕಿಲ್ಲ. ಕೆಲ್ಲಿಯ ಸ್ವರಗಳು ಮಾತ್ರೆಯ ನೆತ್ತಿಯ ಮೇಲೆ ಗರಿಗರಿಯಾಗಿ ಬೀಳುತ್ತವೆ. ಮೋಬ್ಲಿ ಬ್ಲೇಕಿಯ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ನಡೆಯುತ್ತಾರೆ. ತಾಳ ಹಾಕುವ ಕೈ ಅಲ್ಲೇ ಇರುತ್ತದೆ, ಮಾತು ತುಸು ತಡವಾಗಿ ಬರುತ್ತದೆ, ಅದೇ ಆ ನಿಧಾನದ ಭಾವ. ಫೋನಿನ ಸಣ್ಣ ಸ್ಪೀಕರಿನಲ್ಲಿ ಇದು ಸಿಗುವುದಿಲ್ಲ. ಬಾಸಿನ ಕೆಳ ತಂತಿ 41 ಹರ್ಟ್ಸ್‌ನಷ್ಟು ಕೆಳಗಿಳಿಯುತ್ತದೆ, ಆ ಸ್ಪೀಕರುಗಳು ಅದನ್ನು ಕೊಡಲಾರವು. ಚೇಂಬರ್ಸ್ ಮಾಯವಾದರೆ ಮೋಬ್ಲಿ ಯಾವುದಕ್ಕಿಂತ ಹಿಂದಿದ್ದಾರೆ ಎಂದು ತಿಳಿಯಲು ಆಧಾರವೇ ಇರುವುದಿಲ್ಲ.

ನಾನು ಬರೆಯಲು ಕಲಿತದ್ದು ಒಂದೇ ಪದ್ಧತಿಯಿಂದ, ಅದನ್ನು ನಿಮಗೂ ಕೊಡುತ್ತೇನೆ. ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ. ಎಡಗಡೆ ನಿಮಿಷ, ಸೆಕೆಂಡು; ಬಲಗಡೆ ಕ್ರಿಯಾಪದ ಮಾತ್ರ: ಎತ್ತಿದರು, ನುಂಗಿದರು, ಬಿಟ್ಟರು, ಕಾದರು. ಮೊದಲ ಹತ್ತು ಕೇಳುವಿಕೆಗೆ ವಿಶೇಷಣ ನಿಷೇಧ. ಮೊದಲ ಸಲ ಬಾಸ್ ಒಂದನ್ನೇ ಹಿಂಬಾಲಿಸುವುದು, ಎರಡನೇ ಸಲ ಡ್ರಮ್ಸಿನ ತಾಳದ ತಟ್ಟೆ, ಮೂರನೇ ಸಲ ಪಿಯಾನೊದ ಎಡಗೈ. ಸ್ಯಾಕ್ಸೊಫೋನಿನ ಸರದಿ ನಾಲ್ಕನೆಯದು. ಕಲಿಸಿದ ಹಿರಿಯರು ಬಲಗಡೆ ಒಂದು 'ಮಧುರ' ಕಂಡರೂ ಇಡೀ ಪುಟವನ್ನು ಮತ್ತೆ ಬರೆಸುತ್ತಿದ್ದರು.

ತಿದ್ದಿ ಕಳಿಸುವಾಗ ಇಡೀ 'ಸೋಲ್ ಸ್ಟೇಷನ್' ಬೇಡ. 'ದಿಸ್ ಐ ಡಿಗ್ ಆಫ್ ಯೂ' ಒಂದೇ ಸಾಕು, ಆರೂವರೆ ನಿಮಿಷಕ್ಕೆ ಹತ್ತಿರ ಇದೆ. ಹಾಡಿನ ಕಟ್ಟು 32 ಬಾರ್, ಮೊದಲ ಭಾಗದಲ್ಲಿ ಬಾಸ್ ಒಂದೇ ಸ್ವರದ ಮೇಲೆ ನಿಂತಿರುತ್ತದೆ. ಅಲ್ಲಿಂದ ಅದು ಬಿಡಿಸಿಕೊಂಡು ನಡೆಯಲು ಶುರುಮಾಡಿದಾಗ ಮೋಬ್ಲಿ ಏನು ಮಾಡುತ್ತಾರೆ ಎಂದು ಪ್ರತಿ ಸುತ್ತಿನಲ್ಲೂ ನೋಡಿ ಬರೆಯಿರಿ. 900 ಪದ ಮೀರದಿರಲಿ. ಶೀರ್ಷಿಕೆಯಿಂದ 'ಮಾಂತ್ರಿಕ' ಹೋಗಲಿ. ಒಂಬತ್ತನೇ ಪುಟದ ಆ ವಾಕ್ಯವನ್ನು ಲೇಖನದ ಮೊದಲ ಸಾಲಾಗಿ ಇಟ್ಟುಕೊಳ್ಳಿ, ಒಂದಕ್ಷರವನ್ನೂ ಮುಟ್ಟಬೇಡಿ.