18 ಕ್ರೆಡಿಟ್ಟು ಮತ್ತು ಒಂದು ರೊಟ್ಟಿ ಲೆಕ್ಕದ ವಹಿ

ಉತ್ತರ ಕರ್ನಾಟಕದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಆಪ್ತಸಲಹೆಗಾರ್ತಿ. ಈ ಪ್ರಕರಣವನ್ನು ಆ ಹುಡುಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಓದುವ ಶಾಖೆ ಎಲ್ಲ ಬದಲಿಸಿದ್ದೇನೆ. ಇಲ್ಲಿ ಅವಳನ್ನು ಗಿರಿಜಾ ಎನ್ನೋಣ. ರೊಟ್ಟಿಯೊಂದನ್ನು ಮಾತ್ರ ಬದಲಿಸಲಿಲ್ಲ, ಅದನ್ನು ತೆಗೆದರೆ ಹೇಳಲು ಏನೂ ಉಳಿಯುವುದಿಲ್ಲ.

ಐದನೇ ಸೆಮಿಸ್ಟರಿನ ನಡುವೆ ಬಂದಳು. "ಓದಾಕ ಕುಂತ್ರ ಎದಿ ಡವಡವ ಅಂತೈತ್ರಿ ಮೇಡಂ" ಎಂದಳು. ದಿನಾ ಗದಗದಿಂದ ರೈಲಿನಲ್ಲಿ ಬಂದು ಹೋಗುತ್ತಾಳೆ. ರಾತ್ರಿ ನಿದ್ದೆ ನಾಲ್ಕು ತಾಸು. ಮೂರನೇ ಸೆಮ್‌ನ ಗಣಿತ ಪಾಸಾಗದೆ ಇನ್ನೂ ಉಳಿದುಕೊಂಡಿದೆ. ಇಷ್ಟರ ಮೇಲೆ ಡಿಗ್ರಿಯ ಜೊತೆಗೆ ಉದ್ಯಮಶೀಲತೆ ಮತ್ತು ನಾವೀನ್ಯತೆಯ ಮೈನರ್‌ಗೂ ಹೆಸರು ಕೊಟ್ಟಿದ್ದಳು.

ಮೈನರ್ ಎಂದರೆ ಗೊತ್ತಿಲ್ಲದ ಪೋಷಕರೇ ಹೆಚ್ಚು. ಕ್ರೆಡಿಟ್ ಎಂದರೆ ಒಂದು ಕೋರ್ಸಿನ ಓದು ಎಷ್ಟೆಂದು ಅಳೆಯುವ ಲೆಕ್ಕ. ತಾಂತ್ರಿಕ ಶಿಕ್ಷಣಕ್ಕೆ ನಿಯಮ ರೂಪಿಸುವ ಎಐಸಿಟಿಇ ಸಂಸ್ಥೆಯ ಮಾದರಿಯಲ್ಲಿ ಎಂಜಿನಿಯರಿಂಗ್ ಪದವಿಗೆ ಸುಮಾರು 160 ಕ್ರೆಡಿಟ್. ಅದರ ಮೇಲೆ ಇನ್ನೂ 18ರಿಂದ 20 ಕ್ರೆಡಿಟ್ ಗಳಿಸಿದರೆ ಬೇರೊಂದು ವಿಷಯದ ಮೈನರ್ ಸಿಗುತ್ತದೆ. ಗಿರಿಜಾಳ ಕಾಲೇಜು ಇದನ್ನು ಐಐಟಿ, ಐಐಎಸ್‌ಸಿಗಳು ನಡೆಸುವ ಎನ್‌ಪಿಟಿಇಎಲ್‌ನಂಥ ಆನ್‌ಲೈನ್ ಕೋರ್ಸುಗಳ ಮೂಲಕ ಮಾಡಲು ಬಿಡುತ್ತದೆ. 12 ವಾರದ ಒಂದು ಕೋರ್ಸಿಗೆ 3 ಕ್ರೆಡಿಟ್. ಅಲ್ಲಿಗೆ 18 ಕ್ರೆಡಿಟ್ಟಿಗೆ ಆರು ಕೋರ್ಸು, ಮೂರು ಸೆಮಿಸ್ಟರಿಗೆ ಹಂಚಿದರೆ ಸೆಮಿಸ್ಟರಿಗೆ ಎರಡು. ವಾರವಾರವೂ ಅಸೈನ್‌ಮೆಂಟು. ಅದಕ್ಕೆ ಶೇ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಶೇ 75. ಪರೀಕ್ಷೆ ಶುಲ್ಕ ಕೋರ್ಸಿಗೆ 1,000 ರೂಪಾಯಿ. ಈ ಲೆಕ್ಕವನ್ನು ನಾವಿಬ್ಬರೂ ಕೂತು ಹಾಕಿದಾಗಲೇ ಗಿರಿಜಾ ಅದನ್ನು ಮೊದಲ ಸಲ ಪೂರ್ತಿ ನೋಡಿದ್ದು. ಹೆಸರು ಕೊಡುವಾಗ ಗೆಳತಿಯರು ನಾಲ್ವರು ಕೊಟ್ಟರು, ಇವಳೂ ಕೊಟ್ಟಳು. ಆಗಿನ್ನೂ ಮಾನವ ಸಂಪನ್ಮೂಲ ಅಭಿವೃದ್ಧಿ ಎಂಬ ಹೆಸರಿದ್ದ ಕೇಂದ್ರದ ಶಿಕ್ಷಣ ಸಚಿವಾಲಯ 2018ರಲ್ಲಿ ಇನ್ನೋವೇಶನ್ ಸೆಲ್ ಶುರು ಮಾಡಿದ ಮೇಲೆ ಕಾಲೇಜು ಕಾಲೇಜಿನಲ್ಲೂ ನಾವೀನ್ಯತಾ ಕೌನ್ಸಿಲ್‌ಗಳು ಎದ್ದವು. ಅವುಗಳಿಂದ ಒಳ್ಳೆಯ ಕೆಲಸ ಆಗಿದೆ. ಆದರೆ ಕಾರಿಡಾರ್ ತುಂಬ ಸ್ಟಾರ್ಟಪ್ ಪೋಸ್ಟರ್ ನೋಡುತ್ತ ಓಡಾಡುವ ಇಪ್ಪತ್ತರ ಮಕ್ಕಳಿಗೆ, ನಾನೊಬ್ಬಳೇ ಹಿಂದೆ ಬಿದ್ದೆ ಎಂಬ ಅಂಜಿಕೆ ಹತ್ತುವುದನ್ನೂ ನಾನು ವರ್ಷವರ್ಷವೂ ನೋಡುತ್ತಿದ್ದೇನೆ.

ಮೊದಲ ಭೇಟಿಯಲ್ಲೇ ನಾನು ತಪ್ಪು ಮಾಡಿದೆ. ನಿದ್ದೆ ಇಲ್ಲ, ಗಣಿತ ಉಳಿದಿದೆ ಎಂದು ಕೇಳಿದ ಕೂಡಲೇ "ಸದ್ಯಕ್ಕೆ ಮೈನರ್ ಬಿಟ್ಟುಬಿಡಮ್ಮ" ಎಂದುಬಿಟ್ಟೆ. ತಲೆಯಾಡಿಸಿ ಹೋದವಳು ಎರಡು ವಾರ ಬರಲಿಲ್ಲ. ನಾನೇ ಫೋನ್ ಮಾಡಿ ಕರೆಸಿದೆ. "ಅಪ್ಪಾನೂ ಬಿಡು ಅಂತಾರ, ನೀವೂ ಬಿಡು ಅಂದ್ರಿ. ಯಾಕ ತಗೊಂಡಿ ಅಂತ ಯಾರೂ ಕೇಳಲಿಲ್ರಿ."

ಸರಿ, ಯಾಕೆ ತೆಗೆದುಕೊಂಡೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೊರಬಂದದ್ದು ಒಂದು ಅಸೈನ್‌ಮೆಂಟಿನ ಕಥೆ. ಆನ್‌ಲೈನ್ ಕೋರ್ಸಿನ ಜೊತೆಗೆ ಕಾಲೇಜಿನಲ್ಲೂ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು: ಹತ್ತು ಗಿರಾಕಿಗಳನ್ನು ಮಾತಾಡಿಸಿ ಅವರ ತೊಂದರೆ ಬರೆದು ತರಬೇಕು. ಇವಳ ತಂಡ ಬೈಕ್ ಪಾರ್ಕಿಂಗ್ ಆ್ಯಪ್ ಮಾಡುತ್ತೇವೆಂದು ಬರೆದಿತ್ತು. ಹತ್ತು ಗಿರಾಕಿಗಳ ಉತ್ತರವನ್ನೂ ಒಂದೇ ರಾತ್ರಿ ಇವಳೇ ಕೂತು ಕಲ್ಪಿಸಿದ್ದಳು. ಅದಕ್ಕೆ ಒಳ್ಳೆಯ ಅಂಕವೂ ಬಂತು. ಎದೆ ಡವಡವ ಶುರುವಾದದ್ದು ಅಲ್ಲಿಂದ. ಓದಿನ ಹೊರೆಯೇ ಕಾರಣ ಎಂದು ನಾನು ಅಂದುಕೊಂಡಿದ್ದೆ. ಅವಳನ್ನು ಕೊರೆಯುತ್ತಿದ್ದದ್ದು ಸುಳ್ಳು ಬರೆದ ಸಂಕಟ.

"ಮನೆಯಲ್ಲಿ ಯಾರಾದರೂ ವ್ಯಾಪಾರ ಮಾಡುತ್ತಾರಾ?" ಎಂದೆ.

"ಇಲ್ರಿ. ಅವ್ವ ರೊಟ್ಟಿ ಮಾಡಿ ಕೊಡ್ತಾಳ, ಅಷ್ಟ. ಅದ್ಯಾವ ಉದ್ಯಮಶೀಲತೆ ಮೇಡಂ? ಕ್ಲಾಸಿನ್ಯಾಗ ಹೇಳಿದ್ರ ನಗತಾರ."

ಅವ್ವ ಸ್ವಸಹಾಯ ಸಂಘದ ಇಬ್ಬರು ಹೆಂಗಸರ ಜೊತೆ ಸೇರಿ ಬಿಳಿಜೋಳದ ಕಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಒಂದಿಷ್ಟು ಬಸ್ಸಿನ ಪಾರ್ಸಲಿನಲ್ಲಿ ಬೆಂಗಳೂರಿಗೂ ಹೋಗುತ್ತದೆ. ಲೆಕ್ಕ ಬರೆಯುವವಳು ಗಿರಿಜಾ, ಪಿಯುಸಿಯಿಂದ. ಮುಂದಿನ ಸಲ ಆ ವಹಿ ತಾ ಎಂದೆ. ತಂದಳು. ಎಷ್ಟು ಜೋಳ, ಗಿರಣಿ ಕೂಲಿ ಎಷ್ಟು, ಎಷ್ಟು ರೊಟ್ಟಿ, ಮುರಿದದ್ದೆಷ್ಟು, ಯಾವ ಖಾನಾವಳಿಯಿಂದ ಎಷ್ಟು ಬಾಕಿ, ಎಲ್ಲ ದಿನಾಂಕ ಸಮೇತ. ಮಳೆಗಾಲದಲ್ಲಿ ವಾಪಸು ಬಂದ ರೊಟ್ಟಿಯ ಲೆಕ್ಕದ ಪಕ್ಕ ಪೆನ್ಸಿಲ್ಲಿನಲ್ಲಿ "ತಂಪು ಹಿಡಿದು ಮೆತ್ತಗಾಗಿದ್ದು" ಎಂದು ಬರೆದಿದ್ದಳು. ಪಾರ್ಸಲಿನಲ್ಲಿ ಚೂರಾದದ್ದಕ್ಕೆ ಬೇರೆ ಗುರುತು. ಆ ಪುಟಗಳನ್ನು ತಿರುವುವಾಗ ನನ್ನ ಕಣ್ಣು ತುಂಬಿತು. ಕೋರ್ಸು ಅವಳಿಂದ ಕೇಳಿದ್ದು ಇದನ್ನೇ. ಇದು ಮೂರು ವರ್ಷದಿಂದ ಅವಳ ಕೈಯಲ್ಲೇ ಇತ್ತು.

ಅಪ್ಪನನ್ನು ಕರೆಸಲು ಅವಳೇ ಒಪ್ಪಿದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ರೊಟ್ಟಿ ಮಾರಾಕ ಮಗಳನ್ನ ಇಂಜಿನಿಯರಿಂಗ್ ಓದಸ್ಬೇಕೇನ್ರಿ?" ಎಂದು ಬಂದ ಕೂಡಲೇ ಕೇಳಿದರು. ನಿಧಾನಕ್ಕೆ ಮಾತು ಬಿಚ್ಚಿತು. ಅವರ ತಮ್ಮ ಒಂದು ಅಂಗಡಿ ಹಾಕಿ ಸೋತಿದ್ದ, ಸಾಲಕ್ಕೆ ಜಾಮೀನು ನಿಂತವರು ಇವರು. ಈಗಲೂ ಸಂಬಳದಲ್ಲಿ ಕಟ್ಟುತ್ತಿದ್ದಾರೆ. ಅವರ ಕಿವಿಗೆ ಉದ್ಯಮ ಎಂದರೆ ಸಾಲ. ಇದು ಓದುವ ಕೋರ್ಸು, ಇದರಲ್ಲಿ ಸಾಲವಿಲ್ಲ, ಯಾರೂ ಎಲ್ಲಿಯೂ ಸಹಿ ಹಾಕಬೇಕಿಲ್ಲ ಎಂದು ಬಿಡಿಸಿ ಹೇಳಿದ ಮೇಲೆ ಅವರ ಹೆಗಲು ಇಳಿಯಿತು. ಮಗಳ ಮೇಲಿನ ಸಿಟ್ಟು ಅದಾಗಿರಲಿಲ್ಲ, ಹಳೆಯ ಭಯ.

ನಾನು ಕೊಟ್ಟ ಸಲಹೆ ಹೀಗಿತ್ತು. ಈ ಸೆಮಿಸ್ಟರಿನಲ್ಲಿ ಗಣಿತಕ್ಕೇ ಮೊದಲ ಜಾಗ. ಎರಡು ಆನ್‌ಲೈನ್ ಕೋರ್ಸಿನಲ್ಲಿ ಒಂದನ್ನು ಇಟ್ಟುಕೊ, ಇನ್ನೊಂದರ ಪರೀಕ್ಷೆಗೆ ದುಡ್ಡು ಕಟ್ಟಬೇಡ. ಅಲ್ಲಿ ಕಲಿಯಲು ಸೇರುವುದು ಉಚಿತ, ಪರೀಕ್ಷೆ ಐಚ್ಛಿಕ. ಹಾಗಾಗಿ ಅರ್ಧಕ್ಕೆ ನಿಲ್ಲಿಸಿದರೆ ಅದು ಫೇಲು ಅಲ್ಲ. ಇದರಿಂದ ಮೈನರ್ ತಪ್ಪಬಹುದು ಎಂದೂ ಮುಚ್ಚಿಡದೆ ಹೇಳಿದೆ. ಕೋರ್ಸುಗಳು ಬಿಡಿಬಿಡಿಯಾಗಿ ಉಳಿದರೆ ಅವುಗಳ ಸರ್ಟಿಫಿಕೇಟ್ ಹೇಗೂ ಇರುತ್ತದೆ. 18 ಕ್ರೆಡಿಟ್ ಮುಟ್ಟದಿದ್ದರೆ ಅಂಕಪಟ್ಟಿಯಲ್ಲಿ ಏನು ಬರುತ್ತದೆ, ಬ್ಯಾಕ್‌ಲಾಗ್ ಇರುವವರಿಗೆ ಮೈನರ್ ಕೊಡುತ್ತಾರಾ ಎಂಬುದನ್ನು ವಿಭಾಗದಿಂದ ಬರಹದಲ್ಲೇ ತೆಗೆದುಕೊ ಎಂದೆ. ಈ ಎರಡು ಪ್ರಶ್ನೆ ಕೇಳದೆ ಹೆಸರು ಕೊಟ್ಟವರು ನನ್ನ ಬಳಿ ಬಹಳ ಮಂದಿ ಬಂದಿದ್ದಾರೆ.

ರೈಲಿನಲ್ಲಿ ಲ್ಯಾಪ್‌ಟಾಪ್ ತೆಗೆಯಬಾರದು, ಜಾಗ ಸಿಕ್ಕರೆ ನಿದ್ದೆ ಮಾಡಬೇಕು. ರಾತ್ರಿ ಎದೆ ಬಡಿತ ಹೆಚ್ಚಾಗಿ ನಾನು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು, ಕನ್ನಡದಲ್ಲೇ ಮಾತಾಡುತ್ತಾರೆ. ಪ್ರಾಜೆಕ್ಟಿನ ವಿಷಯ ಬದಲಿಸಲು ಮೇಷ್ಟ್ರನ್ನು ಕೇಳಬೇಕು, ಹಿಂದೆ ಬರೆದದ್ದು ಕಲ್ಪಿಸಿದ್ದೆಂದು ಅವರಿಗೇ ಹೇಳಬೇಕು. ಇದಕ್ಕೆ ಒಪ್ಪಲು ಅವಳಿಗೆ ಒಂದು ವಾರ ಬೇಕಾಯಿತು. ಖಾನಾವಳಿಯವರನ್ನು "ಹೊಸ ಪ್ಯಾಕಿಂಗ್ ಮಾಡಿದರೆ ಕೊಳ್ಳುತ್ತೀರಾ" ಎಂದು ಕೇಳಬೇಡ, ಎಲ್ಲರೂ ಹೂಂ ಅನ್ನುತ್ತಾರೆ. "ಹೋದ ಸಲ ಮುರಿದು ಬಂದಾಗ ಏನು ಮಾಡಿದಿರಿ" ಎಂದು ಕೇಳು ಎಂದೆ.

ಕಿರು ಆಹಾರ ಉದ್ಯಮಗಳಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯ ಬಗ್ಗೆ ಅಪ್ಪನೇ ಕೇಳಿದರು, ಎಲ್ಲೋ ಓದಿದ್ದರಂತೆ. ಅದರಲ್ಲಿ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನಕ್ಕೆ, ಅಂದರೆ ಸಣ್ಣ ಸಲಕರಣೆ ಮತ್ತು ದಿನದ ಖರ್ಚಿಗೆ ಸಂಘದ ಮೂಲಕ ಸಿಗುವ ಹಣಕ್ಕೆ, ಅವಕಾಶವಿತ್ತು. ಯಂತ್ರ ಕೊಳ್ಳುವ ಸಹಾಯಧನ ಬ್ಯಾಂಕ್ ಸಾಲಕ್ಕೆ ಜೋಡಿಸಿದ್ದು. ಮಗಳ ಡಿಗ್ರಿ ಮುಗಿಯುವವರೆಗೆ ಬ್ಯಾಂಕ್ ಸಾಲದ ದಾರಿ ಬೇಡ, ಬೀಜಧನದ ಬಗ್ಗೆ ಸಂಘದಲ್ಲಿ ಅವ್ವನೇ ವಿಚಾರಿಸಲಿ ಎಂದೆ. ಧಂದೆ ಅವ್ವನದು, ನಿರ್ಧಾರವೂ ಅವ್ವನದಾಗಬೇಕು.

ಗಣಿತ ಪಾಸಾಯಿತು, ಅಂಕ ಕಡಿಮೆಯೇ. ಒಂದು ಕೋರ್ಸಿನ ಸರ್ಟಿಫಿಕೇಟ್ ಬಂತು. ಪ್ರಾಜೆಕ್ಟಿಗೆ ಈ ಸಲ ಮೊದಲಿಗಿಂತ ಕಡಿಮೆ ಅಂಕ ಬಿತ್ತು, ಆದರೆ ಆರು ಖಾನಾವಳಿಯವರ ಮಾತು ಅವರದೇ ಬಾಯಿಂದ ಬಂದದ್ದು. ಅದರಲ್ಲಿ ಇಬ್ಬರು ಚೂರಾದ ರೊಟ್ಟಿಯನ್ನು ಎಸೆಯುತ್ತಿರಲಿಲ್ಲ, ಒಗ್ಗರಣೆ ಹಾಕಿ ಮಾರುತ್ತಿದ್ದರು. ಅದು ಅವ್ವನಿಗೂ ಗೊತ್ತಿರಲಿಲ್ಲ.

ಮೊನ್ನೆ ಬಂದಿದ್ದಳು. ಏಳನೇ ಸೆಮಿಸ್ಟರಿನಲ್ಲಿ ಪ್ಲೇಸ್‌ಮೆಂಟ್ ಶುರುವಾಗುವಾಗ ಇನ್ನೊಂದು ಕೋರ್ಸು ತೆಗೆದುಕೊಳ್ಳಲೇ ಎಂದು ಕೇಳಿದಳು. ಟೈಮ್‌ಟೇಬಲ್ ಬರಲಿ, ಹಾಳೆ ತಗೊಂಡು ಮತ್ತೆ ಕೂರೋಣ ಎಂದೆ. ವಹಿ ಅವಳ ಚೀಲದಲ್ಲೇ ಇತ್ತು, ಹೊಸದು, ಒಗ್ಗರಣೆಯ ಚೂರಿಗೆ ಬೇರೆ ಕಾಲಂ ಹಾಕಿದ್ದಳು.