ಕೈಯಲ್ಲಿ ಚಿತ್ರ ಬರೆದ ಟೈಲ್‌ಗೆ ಯಾವ ಗೂಡು?

ಕೈಯಲ್ಲಿ ಚಿತ್ರ ಬರೆದ ಸೆರಾಮಿಕ್ ಟೈಲ್‌ಗಳನ್ನು ಎಲೆಕ್ಟ್ರಿಕ್ ಗೂಡಿನಲ್ಲಿ ಸುಡಬೇಕೋ, ಗ್ಯಾಸಿನದರಲ್ಲೋ, ಇಲ್ಲ ರಾಕು (ಕೆಂಪಗೆ ಕಾದಾಗಲೇ ಹೊರತೆಗೆದು ಹೊಗೆ ಹಿಡಿಸುವ ವಿಧಾನ) ಮಾಡಬೇಕೋ ಎಂದು ಕೇಳಿದ್ದೀರಿ. ಸಣ್ಣ ಗೆರೆಯ ಕುಸುರಿ ಇದ್ದರೆ ಕಣ್ಣುಮುಚ್ಚಿ ಎಲೆಕ್ಟ್ರಿಕ್ ಹಿಡಿಯಿರಿ.

ನಾವು ಕುಂಚದಲ್ಲಿ ಹಚ್ಚುವ ಬಣ್ಣದ ಮೂಲ ಲೋಹದ ಆಕ್ಸೈಡ್. ಎಲೆಕ್ಟ್ರಿಕ್ ಗೂಡಿನೊಳಗೆ ಆಮ್ಲಜನಕ ಸಾಕಷ್ಟಿರುವುದರಿಂದ ತಾಮ್ರ ಸಾಮಾನ್ಯವಾಗಿ ಹಸಿರಾಗುತ್ತದೆ. ಗ್ಯಾಸ್ ಗೂಡಿನಲ್ಲಿ ಗಾಳಿ ಕಡಿಮೆ ಮಾಡಿದರೆ ಬೆಂಕಿ ಆಕ್ಸೈಡಿನಿಂದಲೇ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಅದೇ ತಾಮ್ರ ರಕ್ತಗೆಂಪಿಗೆ ತಿರುಗಬಹುದು. ಕೋಬಾಲ್ಟ್ ಎರಡರಲ್ಲೂ ನೀಲಿಯೇ, ಹಾಗಾಗಿ ಹೊಸಬರು ಅದರಿಂದ ಶುರುಮಾಡುವುದು ಒಳ್ಳೆಯದು.

ನನಗೆ ತುಂಬಾ ಇಷ್ಟವಾದದ್ದು ಮಜೋಲಿಕಾ. ಟೈಲನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಒಮ್ಮೆ ಸುಟ್ಟು, ತವರ ಬೆರೆತ ಬಿಳಿ ಗ್ಲೇಜ್ (ಸುಟ್ಟಾಗ ಕರಗಿ ಗಾಜಿನಂತಾಗುವ ಲೇಪ) ಹಚ್ಚಿ, ಅದು ಆರಿದ ಮೇಲೆ, ಇನ್ನೂ ಸುಡದ ಆ ಬಿಳಿಯ ಮೇಲೆ ಚಿತ್ರ ಬರೆಯುವುದು. ಆ ಪುಡಿಪುಡಿ ಮೈ ಕುಂಚದ ನೀರನ್ನು ತಟ್ಟನೆ ಹೀರಿಬಿಡುತ್ತದೆ. ಕೈ ಒಂದು ಕ್ಷಣ ನಿಂತರೆ ಅಲ್ಲೇ ದಪ್ಪ ಚುಕ್ಕೆ. ಅಳಿಸಹೋದರೆ ಗ್ಲೇಜೇ ಎದ್ದು ಬರುತ್ತದೆ. ಗ್ಲೇಜಿಗೆ ಚೂರು ಗೋಂದು ಬೆರೆಸಿಟ್ಟರೆ ಮೈ ಗಟ್ಟಿಯಾಗಿ ಕುಂಚ ಸರಾಗವಾಗಿ ಓಡುತ್ತದೆ. ಮತ್ತೆ 1000ರಿಂದ 1060 ಡಿಗ್ರಿಗೆ ಸುಟ್ಟಾಗ ಚಿತ್ರ ಗ್ಲೇಜಿನೊಳಗೇ ಇಳಿದು ಕೂರುತ್ತದೆ. ಇದರ ಪಕ್ಕದಲ್ಲಿ ಕ್ರೋಮ್ ಹಸಿರಿನ ಟೈಲ್ ಮಾತ್ರ ಇಡಬೇಡಿ: ಕ್ರೋಮ್ ಆವಿಯಾಗಿ ತವರದ ಬಿಳಿಗೆ ಗುಲಾಬಿ ಛಾಯೆ ಹತ್ತಿಸುತ್ತದೆ.

ಆಗಲೇ ಗ್ಲೇಜ್ ಆಗಿರುವ ಸಿದ್ಧ ಟೈಲ್ ಮೇಲೆ ಬರೆಯುವುದಾದರೆ ಆನ್‌ಗ್ಲೇಜ್ ಬಣ್ಣ (ಸುಟ್ಟ ಗ್ಲೇಜಿನ ಮೇಲೆ ಹಚ್ಚುವಂಥದ್ದು) ಕೊಂಡು 750–850 ಡಿಗ್ರಿಗೆ ಸುಟ್ಟರೆ ಸಾಕು. ಆದರೆ ಬಣ್ಣ ಮೇಲ್ಪದರದಲ್ಲೇ ಉಳಿಯುವುದರಿಂದ ಕಾಲ್ತುಳಿತಕ್ಕೆ ಸವೆಯುತ್ತದೆ. ಗೋಡೆಗೆ ಸರಿ, ನೆಲಕ್ಕೆ ಬೇಡ.

ರಾಕುವಿನಲ್ಲಿ ಕೆಂಪಗೆ ಕಾದ ಟೈಲನ್ನು ಇಕ್ಕಳದಲ್ಲಿ ಹೊರತೆಗೆದು ಮರದ ಹೊಟ್ಟಿನಲ್ಲಿ ಹಾಕಿ ಮುಚ್ಚುತ್ತಾರೆ. ಹೊಗೆ ಗ್ಲೇಜಿನ ಬಿರುಕುಗಳಿಗೆ ನುಗ್ಗಿ ಕಪ್ಪು ಬಲೆ ನೇಯುತ್ತದೆ, ಅಪರೂಪದ ಚೆಲುವು ಅದು. ಆದರೆ ನಿಮ್ಮ ಗೆರೆ ಆ ಬಲೆಯಲ್ಲಿ ಕಳೆದುಹೋಗುತ್ತದೆ, ಟೈಲ್ ನೀರು ಹೀರುತ್ತದೆ, ಚಪ್ಪಟೆ ಹಲಗೆ ಆ ಹಠಾತ್ ತಂಪಿಗೆ ಸೀಳುವುದೂ ಉಂಟು. ಮಾಡಲೇಬೇಕೆಂದರೆ ಗ್ರಾಗ್ (ಸುಟ್ಟ ಮಣ್ಣಿನ ಪುಡಿ) ಬೆರೆತ ಒರಟು ಮಣ್ಣು ತೆಗೆದುಕೊಳ್ಳಿ.

ರಾಕು ಬಿಟ್ಟು ಬೇರೆ ಯಾವ ಸುಡುವಿಕೆಯಾದರೂ 573 ಡಿಗ್ರಿಯ ಆಸುಪಾಸಿನಲ್ಲಿ ಏರುವಾಗಲೂ ಇಳಿಯುವಾಗಲೂ ನಿಧಾನಿಸಿ. ಅಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ಒಮ್ಮೆಲೇ ಹಿಗ್ಗುತ್ತದೆ, ಕುಗ್ಗುತ್ತದೆ; ಟೈಲ್ ಅಂಚಿನಿಂದ ಬಿರುಕು ಬಿಡುತ್ತದೆ. ಗೂಡಿನ ಬಾಗಿಲನ್ನು 100 ಡಿಗ್ರಿಗಿಂತ ಕೆಳಗಿಳಿದ ಮೇಲೆಯೇ ತೆರೆಯಿರಿ.